ಹದ ಬಲ್ಲ ಕೈಗೆ ಹೊಸ ವಿದ್ಯೆ ದೂರವೇ?

ಚಕ್ಕುಲಿಯ ಹಿಟ್ಟು ಗಟ್ಟಿಯಾದರೆ ಒರಳಿನ ತೂತಿನಿಂದ ಇಳಿಯದು. ತೆಳುವಾದರೆ ಇಳಿದ ಮೇಲೆ ಆಕಾರ ನಿಲ್ಲದು. ಒತ್ತಿದಾಗ ಹರಿಯಬೇಕು, ಒತ್ತಡ ತಪ್ಪಿದೊಡನೆ ನಿಲ್ಲಬೇಕು. ಹೋಟೆಲಿನ ಅಡಿಗೆಮನೆಯಲ್ಲಿ ದುಡಿಯುವ ನಮ್ಮ ಬಾಂಧವರು ಅಂಗೈಯಿಂದಲೇ ಅರಿತಿರುವ ಈ ಹದದ ಮೇಲೆಯೇ ಇಂದು ಒಂದು ಹೊಸ ಯಂತ್ರವಿದ್ಯೆ ನಿಂತಿದೆ.

ಅಮೇರಿಕದ ಸ್ಯಾಂಡಿಯಾ ರಾಷ್ಟ್ರೀಯ ಪ್ರಯೋಗಶಾಲೆಯಲ್ಲಿ 1990ರ ದಶಕದಲ್ಲಿ ಜೋಸೆಫ್ ಸೆಸರಾನೋ ಮತ್ತು ಸಂಗಡಿಗರು ಪಿಂಗಾಣಿಯ ಪುಡಿಯನ್ನು ನೀರಿನಲ್ಲಿ ಹದವಾಗಿ ಕಲಸಿದರು. ಕಂಪ್ಯೂಟರು ನಡೆಸುವ ಸೂಜಿಯಿಂದ ಅದನ್ನು ಎಳೆ ಎಳೆಯಾಗಿ ಒತ್ತಿ, ಪದರದ ಮೇಲೆ ಪದರವಿಟ್ಟು ವಸ್ತುಗಳನ್ನು ಕಟ್ಟಿದರು. ಇದಕ್ಕೆ ರೋಬೋಕಾಸ್ಟಿಂಗ್ ಎಂದು ಹೆಸರು. ಸೂಜಿಯಿಂದ ಇಳಿಯುವ ಆ ಪಾಕವನ್ನು ಶಾಯಿ ಎಂದೇ ಕರೆಯುತ್ತಾರೆ. 2013ರಲ್ಲಿ ಜೆನ್ನಿಫರ್ ಲೂಯಿಸ್ ಎಂಬ ವಿದುಷಿಯ ತಂಡವು ಲಿಥಿಯಂ ಬೆರೆತ ಶಾಯಿಗಳಿಂದ ಮರಳಿನ ಕಣದಷ್ಟು ಚಿಕ್ಕ ಬ್ಯಾಟರಿಯನ್ನೇ ಅಚ್ಚು ಹಾಕಿತು. ಅದರ ಸೂಜಿಯ ತೂತು ಸುಮಾರು 0.03 ಮಿಲಿಮೀಟರು, ಕೂದಲೆಳೆಗಿಂತ ಸಣ್ಣದು! ಎರಡು ಬಾಚಣಿಗೆಗಳ ಹಲ್ಲುಗಳು ಒಂದರ ಸಂದಿನಲ್ಲೊಂದು ಕೂಡಿದಂತೆ ಅದರ ರಚನೆ.

"ಇದು ಎಂಜಿನಿಯರರ ಮಾತು, ಲೋಟ ತೊಳೆಯುವ ಹುಡುಗನಿಗೇಕೆ?" ಎಂದು ಕೆಲವರು ನಕ್ಕಾರು. ನಾವು ಒಪ್ಪುವುದಿಲ್ಲ. ಸೂಜಿ ಕಟ್ಟಿಕೊಂಡರೆ, ಎಳೆ ಜೋತುಬಿದ್ದರೆ ಕಾರಣ ಹುಡುಕಿ ಹದ ತಿದ್ದಲು ಬಲ್ಲ ಮನುಷ್ಯರು ಬೇಕು. ಚಕ್ಕುಲಿ ಒತ್ತಿದವನು ನಾಳೆಯೇ ವಿಜ್ಞಾನಿಯಾಗುವನೆಂದು ನಾವು ಹೇಳುತ್ತಿಲ್ಲ. ಆದರೆ ಕಲಿಯುವ ಅವಕಾಶವೇ ಅವನಿಗಿಲ್ಲದಿರುವುದು ಅನ್ಯಾಯ.

ಗಿರಣಿಯ ಪಾಠವನ್ನು ನಾವು ಮರೆತಿಲ್ಲ. 1982ರ ಮುಷ್ಕರದ ತರುವಾಯ ಮುಂಬಯಿಯ ಗಿರಣಿಗಳು ಒಂದೊಂದಾಗಿ ಬಾಗಿಲು ಮುಚ್ಚಿದಾಗ, ಮಗ್ಗವೊಂದನ್ನೇ ಬಲ್ಲ ಎಷ್ಟೋ ಕೈಗಳಿಗೆ ಬೇರೆ ಕಸಬು ಕಲಿಸುವವರು ಸಿಗಲಿಲ್ಲ. ಆ ಸಂಕಟ ನಮ್ಮ ಮಕ್ಕಳಿಗೆ ಬರಬಾರದು.

ಹಗಲೆಲ್ಲ ದುಡಿದ ಹುಡುಗರಿಗೆಂದು ನಮ್ಮ ಹಿರಿಯರು ರಾತ್ರಿ ಶಾಲೆಗಳನ್ನು ತೆರೆದರು. ಅದೇ ದಾರಿಯಲ್ಲಿ ನಮ್ಮ ಸಂಘಗಳು ವಾರಕ್ಕೊಂದು ಸಂಜೆಯಾದರೂ ಇಂಥ ಯಂತ್ರಗಳ ಕೆಲಸವನ್ನು ಕನ್ನಡದಲ್ಲೇ ಕಲಿಸಲಿ. ವಾರ್ಷಿಕೋತ್ಸವದ ಹಾರತುರಾಯಿಯ ಖರ್ಚಿನಲ್ಲಿ ಒಂದು ಪಾಲನ್ನು ಇದಕ್ಕೆ ತೆಗೆದಿಟ್ಟರೆ, ಒಂದು ಸಾಧಾರಣ ಅಚ್ಚುಯಂತ್ರದಿಂದಲೇ ಆರಂಭಿಸಬಹುದು. ಕೈಗೆ ಹದ ಗೊತ್ತಿದೆ; ಅದಕ್ಕೆ ವಿದ್ಯೆ ಕೂಡಿಸುವುದು ಸಂಘದ ಕರ್ತವ್ಯ.