ಮಮ್ಮಿ ಮರಳಿ ಬಂದರೆ ತಪ್ಪೇನು ಸ್ವಾಮೀ?

ನಮ್ಮ ಬ್ಲಾಗಿಗರಲ್ಲಿ ಒಂದು ವಿಚಿತ್ರ ಚಾಳಿ ಇದೆ. ಕುರೊಸಾವಾ ಬಗ್ಗೆ, ಇರಾನಿ ಸಿನೆಮಾ ಬಗ್ಗೆ ಎದೆಯುಬ್ಬಿಸಿ ಬರೀತಾರೆ. ಅದೇ 'ದಿ ಮಮ್ಮಿ ರಿಟರ್ನ್ಸ್' (2001) ಇಷ್ಟ ಅನ್ನಬೇಕಾದ್ರೆ ಮಾತ್ರ "ಸುಮ್ನೆ ಟೈಂಪಾಸ್‌ಗೆ, ತಲೆ ಮನೇಲಿಟ್ಟು ನೋಡಿದೆ" ಅಂತ ಮೊದಲೇ ಜಾಮೀನು ತಗೊಂಡುಬಿಡ್ತಾರೆ! ಯಾಕ್ರೀ ಈ ನಾಚಿಕೆ? ನಾನಂತೂ ತಲೆಯನ್ನು ಕತ್ತಿನ ಮೇಲೇ ಇಟ್ಟುಕೊಂಡು ಈ ಚಿತ್ರವನ್ನು ಹತ್ತು ಸಲ ನೋಡಿದ್ದೀನಿ. ಇನ್ನೂ ನೋಡ್ತೀನಿ.

"ಲಾಜಿಕ್ ಇಲ್ಲ" ಅಂತೀರಿ. ಸ್ವಾಮೀ, ಚಂದಮಾಮದಲ್ಲಿ ಹೆಣ ಮಾತಾಡುವಾಗ ಲಾಜಿಕ್ ಕೇಳಿದ್ರಾ? ಬೇತಾಳ ಪಂಚವಿಂಶತಿ ಅಂದ್ರೆ 25 ಕಥೆ. ಪ್ರತಿ ಸಲ ಬೇತಾಳ ಮರಕ್ಕೆ ವಾಪಸ್, ವಿಕ್ರಮನೂ ವಾಪಸ್. ಸೀಕ್ವೆಲ್ ಹಾಲಿವುಡ್ಡಿನವರು ಕಂಡುಹಿಡಿದದ್ದೇನಲ್ಲ :-) ಇಂಥ ಕಥೆಗೆ ಬೇಕಾದದ್ದು ಒಂದು ಕಟ್ಟುಪಾಡು. ಅಲ್ಲಿ ಮೌನ ಮುರಿದರೆ ಹೆಣ ಹಾರಿಹೋಗುತ್ತೆ. ಇಲ್ಲಿ ಹುಡುಗನ ಕೈಗೆ ಸಿಕ್ಕಿಕೊಂಡ ಕಡಗ. ಏಳನೇ ದಿನ ಸೂರ್ಯೋದಯದೊಳಗೆ ಪಿರಮಿಡ್ ಸೇರದಿದ್ದರೆ ಅವನ ಪ್ರಾಣ ಹೋಗುತ್ತೆ. ಸ್ಪೆಕ್ ವಿಚಿತ್ರ, ಒಪ್ಪಿದೆ. ಆದರೆ ಇಡೀ ಚಿತ್ರ ಓಡೋದೇ ಅದರ ಮೇಲೆ.

"ಗ್ರಾಫಿಕ್ಸ್ ಕಳಪೆ" ಅಂತೀರಿ. ಕೊನೆಯಲ್ಲಿ ಬರುವ ಸ್ಕಾರ್ಪಿಯನ್ ಕಿಂಗ್ ಥೇಟ್ ಪ್ಲಾಸ್ಟಿಕ್ ಗೊಂಬೆ, ನಿಜ. ಆದರೆ ಒಂದು ಬಗ್ ಸಿಕ್ಕಿತು ಅಂತ ಇಡೀ ರಿಲೀಸನ್ನೇ ಕಸದಬುಟ್ಟಿಗೆ ಹಾಕ್ತೀರಾ?

ಬೈಯಲೇಬೇಕು ಅಂದ್ರೆ ಬೇರೆ ಕಾರಣ ನಾನೇ ಕೊಡ್ತೀನಿ. ಇಮ್ಹೋಟೆಪ್ ನಿಜವಾಗಿ ಇದ್ದ ಮನುಷ್ಯ. ಸಕ್ಕಾರಾದ ಮೆಟ್ಟಿಲು ಪಿರಮಿಡ್ಡಿನ ಶಿಲ್ಪಿ ಅಂತ ಹೆಸರಾದವನು, ಮುಂದೆ ಈಜಿಪ್ಟಿನ ಜನ ವೈದ್ಯದೇವತೆ ಅಂತ ಪೂಜಿಸಿದವನು. ಅಂಥವನ ಹೆಸರನ್ನು 1932ರ ಬೋರಿಸ್ ಕಾರ್ಲಾಫ್ ಚಿತ್ರದಿಂದಲೂ ಹಾಲಿವುಡ್ ಒಂದು ದುಷ್ಟ ಹೆಣಕ್ಕೆ ಅಂಟಿಸಿದೆ. ಈ ದೂರಿಗೆ ತೂಕ ಇದೆ. ಆದರೆ ಮೂಗು ಮುರಿಯುವವರಲ್ಲಿ ಒಬ್ಬರ ಬಾಯಲ್ಲೂ ಇದನ್ನು ಕೇಳಿಲ್ಲ!

ಈಗ ನನ್ನ ವಾದ. ಕೊನೆಯ ದೃಶ್ಯ ನೆನಪಿಸಿಕೊಳ್ಳಿ. ನಾಯಕ ರಿಕ್, ಖಳ ಇಮ್ಹೋಟೆಪ್ ಇಬ್ಬರೂ ಒಂದೇ ಪ್ರಪಾತದ ಅಂಚಿಗೆ ಜೋತುಬಿದ್ದಿದ್ದಾರೆ. ಮೇಲಿಂದ ಬಂಡೆಗಳು ಉರುಳ್ತಾ ಇವೆ. ರಿಕ್‌ನ ಹೆಂಡತಿ ಈವ್ಲಿನ್, ಅವನು ಬೇಡ ಅಂದರೂ, ಬಂಡೆಗಳ ಮಧ್ಯೆ ಓಡಿಬಂದು ಅವನನ್ನು ಎಳೆದುಕೊಳ್ತಾಳೆ. ಇಮ್ಹೋಟೆಪ್ ಮೂರು ಸಾವಿರ ವರ್ಷ ಯಾರಿಗೋಸ್ಕರ ಶಾಪ ಹೊತ್ತನೋ, ಆ ಆಂಕ್-ಸು-ನಮುನ್ ಅವನನ್ನು ಬಿಟ್ಟು ಓಡಿಹೋಗ್ತಾಳೆ. ಅವನು ಆ ಗಂಡ ಹೆಂಡಿರನ್ನು ಒಂದು ಸಲ ನೋಡಿ, ತಾನಾಗಿಯೇ ಕೈ ಬಿಡ್ತಾನೆ. ಮಾತಿಲ್ಲ. ಖಳನಿಗಾಗಿ ಗಂಟಲು ಕಟ್ಟುತ್ತೆ. ಇದನ್ನು ತಲೆ ಮನೇಲಿಟ್ಟು ನೋಡೋಕಾಗುತ್ತಾ?

ಪಿರಮಿಡ್ಡು, ಚೇಳು, ಲಂಡನ್ನಿನ ಡಬಲ್ ಡೆಕರ್ ಬಸ್ಸಿನ ಮಮ್ಮಿಗಳು ಎಲ್ಲಾ ಮೇಲಿನ ಬಣ್ಣ. ಒಳಗಿರೋದು ಮದುವೆಯಾಗಿ, ಮಗನಾಗಿ, ಇನ್ನೂ ಪ್ರೀತಿಸ್ತಾ ಇರುವ ಒಂದು ಜೋಡಿ. ಅದಕ್ಕೇ 2008ರ ಮೂರನೇ ಭಾಗ ಸೊರಗಿದ್ದು: ಜೆಟ್ ಲೀ ಇದ್ದ, ಹಿಮಮಾನವರಿದ್ದರು, ಈವ್ಲಿನ್ ಪಾತ್ರದಲ್ಲಿ ರೇಚಲ್ ವೈಸ್ ಇರಲಿಲ್ಲ. 2017ರಲ್ಲಿ ಟಾಮ್ ಕ್ರೂಸ್‌ನ ಮಮ್ಮಿಗೆ ಗ್ರಾಫಿಕ್ಸ್ ಕೊರತೆ ಇರಲಿಲ್ಲ, ನಗು ಇರಲಿಲ್ಲ. ಡಾರ್ಕ್ ಯೂನಿವರ್ಸ್ ಅಂತ ದೊಡ್ಡ ಸರಣಿ ಕಟ್ಟಲು ಹೊರಟವರು ಆ ಒಂದಕ್ಕೇ ಅಂಗಡಿ ಮುಚ್ಚಿದರು.

ಇನ್ನು ಬ್ರೆಂಡನ್ ಫ್ರೇಸರ್. 2023ರಲ್ಲಿ 'ದಿ ವೇಲ್'ಗೆ ಆಸ್ಕರ್ ಬಂದ ಕೂಡಲೇ ಎಲ್ಲರಿಗೂ ಅವನು ಮಹಾನ್ ನಟನಾಗಿಬಿಟ್ಟ. ಇಂಥ ಚಿತ್ರಗಳಲ್ಲಿ ಬಿದ್ದು ಎದ್ದು, ಮುಂದೆ ಬೆನ್ನಿಗೆ, ಮಂಡಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡನಲ್ಲ, ಆಗ ಮಾಡಿದ್ದೇನು, ಕೂಲಿಯಾ? ಅಳಿಸಿದರೆ ಕಲೆ, ನಗಿಸಿ ಹೆದರಿಸಿದರೆ ಟೈಂಪಾಸ್. ಚೆನ್ನಾಗಿದೆ ನಿಮ್ಮ ತಕ್ಕಡಿ!

ಸಂತೋಷಕ್ಕೆ ಕ್ಷಮಾಪಣೆ ಕೇಳೋದು ನಿಲ್ಲಿಸೋಣ. ನೀವು ಕದ್ದು ನೋಡುವ ಚಿತ್ರ ಯಾವುದು? ಜಾಮೀನಿಲ್ಲದೆ ಹೇಳಿ ನೋಡೋಣ.