ಮನೆಯ ಕೈಗೆಲಸ: ಮಾದರಿ ವಿಮಾನದ ಕಡ್ಡಿ, ಕೊಂಡಿ, ಕೊಂಬು

ಮನೆಯ ಹುಡುಗರು ವಾರಗಟ್ಟಲೆ ಕುಳಿತು, ಬಾಲ್ಸಾ ಮರದ ತೆಳುಹಲಗೆಗಳನ್ನು ಕೊಯ್ದು ಅಂಟಿಸಿ ಕಟ್ಟಿದ ವಿಮಾನವು ಮೈದಾನದಲ್ಲಿ ಒಂದು ನಿಮಿಷದೊಳಗೆ ನುಚ್ಚುನೂರಾಗುವುದುಂಟು. ಆಗ ಕೆಲವರು ರೇಡಿಯೋವನ್ನೂ ಕೆಲವರು ಗಾಳಿಯನ್ನೂ ದೂರುವರು. ಆದರೆ ದೋಷವು ಎಷ್ಟೋ ವೇಳೆ ಅತ್ಯಲ್ಪ ಬೆಲೆಯ ಒಂದು ಕೊಂಡಿಯಲ್ಲಿ ಅಡಗಿರುತ್ತದೆ.

ಅಮೆರಿಕೆಯ ಮಿಷಿಗನ್ ಪ್ರಾಂತದಲ್ಲಿ ವಾಲ್ಟರ್ ಗುಡ್, ವಿಲಿಯಂ ಗುಡ್ ಎಂಬ ಅವಳಿ ಸಹೋದರರು 1937ರಲ್ಲಿ ‘ಗಫ್’ ಎಂಬ ಮಾದರಿ ವಿಮಾನವನ್ನು ರೇಡಿಯೋದಿಂದ ನಡೆಸಿದರು. ಅಂದಿನಿಂದ ಇಂದಿಗೆ ರೇಡಿಯೋ ಬಹಳ ಸುಧಾರಿಸಿದೆ. ಆದರೂ ಅಪ್ಪಣೆಯನ್ನು ಕಡೆಯ ಗೇಣುದ್ದ ಸಾಗಿಸುವ ಕೆಲಸವು ಇಂದಿಗೂ ಕಡ್ಡಿ ಕೊಂಡಿಗಳದೇ.

ವಿಮಾನದೊಳಗೆ ಸರ್ವೋ ಎಂಬ ಪುಟ್ಟ ಯಂತ್ರವಿರುವುದು. ಅದರ ತೋಳಿಗೆ ಉಕ್ಕಿನ ಕಡ್ಡಿಯನ್ನು ಸಿಕ್ಕಿಸಿ, ಕಡ್ಡಿಯ ಮತ್ತೊಂದು ತುದಿಗೆ ಕ್ಲೆವಿಸ್ ಎಂಬ ಕವಲುಕೊಂಡಿಯನ್ನು ತಿರುಪಿ, ಅದನ್ನು ರೆಕ್ಕೆಯ ಅಥವಾ ಬಾಲದ ಆಡುವ ಹಲಗೆಯ ಮೇಲಣ ಕೊಂಬಿಗೆ ತೊಡಿಸುವರು. ಇವುಗಳಲ್ಲಿ ಒಂದು ಕಳಚಿದರೂ ಅಪ್ಪಣೆ ಮುಟ್ಟಿತು, ಪಾಲಿಸುವವರಿಲ್ಲ ಎಂಬಂತಾಗುವುದು.

ಕೊಳ್ಳುವಾಗ ಮೊದಲು ನೋಡತಕ್ಕದ್ದು ತಿರುಪಿನ ಅಳತೆ. ಅಮೆರಿಕೆಯ ಸಾಮಾನುಗಳಲ್ಲಿ 2-56, 4-40 ಎಂದೂ, ಮಿಲಿಮೀಟರಿನ ಲೆಕ್ಕದವುಗಳಲ್ಲಿ ಎಂ2, ಎಂ3 ಎಂದೂ ಬರೆದಿರುವುದು. 2-56ರಲ್ಲಿ 56 ಎಂಬುದು ಅಂಗುಲವೊಂದಕ್ಕೆ ಇರುವ ಸುತ್ತುಗಳ ಸಂಖ್ಯೆ. ಈ ತಿರುಪಿನ ದಪ್ಪ ಸುಮಾರು 2.2 ಮಿಲಿಮೀಟರು, ಎಂ2ರದು 2. ನೋಟಕ್ಕೆ ಎರಡೂ ಒಂದೇ. ಆದರೆ ಸುತ್ತುಗಳ ಅಂತರ ಒಂದರಲ್ಲಿ 0.45, ಇನ್ನೊಂದರಲ್ಲಿ 0.40 ಮಿಲಿಮೀಟರು. ಒಂದರ ಕಡ್ಡಿಗೆ ಇನ್ನೊಂದರ ಕೊಂಡಿಯನ್ನು ಹಾಕಿದರೆ ಹಿಡಿದಂತೆಯೇ ತೋರಿ, ಭಾರ ಬಿದ್ದಾಗ ಜಾರಬಹುದು. ಆದುದರಿಂದ ಎರಡನ್ನೂ ಒಂದೇ ಅಳತೆಯಲ್ಲಿ ಜೊತೆಯಾಗಿಯೇ ಕೊಳ್ಳುವುದು ಲೇಸು. ಕಲಿಯುವವರ ಸಾಧಾರಣ ವಿಮಾನಕ್ಕೆ 2-56 ಅಥವಾ ಎಂ2 ಸಾಕು. ಭಾರಿಯಾದ ವಿಮಾನಗಳಿಗೆ 4-40 ಅಥವಾ ಎಂ3 ಬೇಕು.

ದಪ್ಪದಷ್ಟೇ ಉದ್ದವೂ ಮುಖ್ಯ. ತೆಳುವಾದ ಕಡ್ಡಿಯು ಎಳೆತವನ್ನು ತಾಳುವುದು. ತಳ್ಳಿದರೆ ಬಿಲ್ಲಿನಂತೆ ಬಾಗುವುದು. ಆಧಾರವಿಲ್ಲದ ಉದ್ದವು ಎರಡರಷ್ಟಾದರೆ ಬಾಗದೆ ತಾಳುವ ಶಕ್ತಿ ಕಾಲುಭಾಗಕ್ಕಿಳಿಯುವುದು. ಆದಕಾರಣ ಉದ್ದನೆಯ ಕಡ್ಡಿಯನ್ನು ಕೊಳವೆಯೊಳಗೆ ಹಾಯಿಸಿ, ಆ ಕೊಳವೆಯನ್ನು ಅಲ್ಲಲ್ಲಿ ಒಡಲಿಗೆ ಅಂಟಿಸಬೇಕು. ಪ್ಲಾಸ್ಟಿಕ್ಕಿನ ಕಡ್ಡಿಯಾದರೆ ಬಿಸಿಲಿಗೆ ಹಿಗ್ಗುವುದು. ಬೆಳಿಗ್ಗೆ ಸರಿಹೊಂದಿಸಿದ ವಿಮಾನವು ಮಧ್ಯಾಹ್ನಕ್ಕೆ ಮೂಗು ಎತ್ತಬಹುದು ಅಥವಾ ತಗ್ಗಿಸಬಹುದು.

ಇನ್ನು ಸಡಿಲಿನ ಮಾತು. ರಂಧ್ರಗಳಲ್ಲಿ ಅರ್ಧ ಮಿಲಿಮೀಟರಿನ ಸಡಿಲಿದೆಯೆನ್ನಿ. ಕೊಂಬಿನ ರಂಧ್ರವು ಕೀಲಿನಿಂದ 10 ಮಿಲಿಮೀಟರು ದೂರವಿದ್ದರೆ ಹಲಗೆಯು ಸುಮಾರು 3 ಡಿಗ್ರಿ ಓಲಾಡುವುದು; 20 ಮಿಲಿಮೀಟರು ದೂರವಿದ್ದರೆ ಅದರ ಅರ್ಧ ಮಾತ್ರ. ವೇಗದಲ್ಲಿ ಇಂಥ ಓಲಾಟವೇ ನಡುಕವಾಗಿ ಬೆಳೆದು ಹಲಗೆಯನ್ನು ಕಿತ್ತೆಸೆಯಬಲ್ಲದು. ಆದುದರಿಂದ ಹಲಗೆ ಬೇಕಾದಷ್ಟು ತಿರುಗುವುದಾದರೆ, ಕೊಂಬಿನಲ್ಲಿ ಹೊರಗಿನ ರಂಧ್ರವನ್ನೂ ಸರ್ವೋ ತೋಳಿನಲ್ಲಿ ಒಳಗಿನ ರಂಧ್ರವನ್ನೂ ಆರಿಸತಕ್ಕದ್ದು. ಕಡ್ಡಿಗಿಂತ ದೊಡ್ಡ ರಂಧ್ರವನ್ನು ಕೊರೆಯಲೇ ಕೂಡದು.

ಕೊಂಡಿಯು ತಾನಾಗಿ ಬಿಚ್ಚದಂತೆ ಅದರ ಮೇಲೆ ಸಿಲಿಕೋನ್ ಕೊಳವೆಯ ಸಣ್ಣ ಉಂಗುರವನ್ನು ತೊಡಿಸಿ. ಲೋಹದ ಕೊಂಡಿಯ ಹಿಂದೆ ಬಿಗಿನಟ್ಟು ಇರಲಿ. ಎರಡು ತುದಿಗಳಿಗೂ ತಿರುಪಿನ ಕೊಂಡಿಗಳನ್ನು ಬಿಗಿಯದೆ ಬಿಟ್ಟರೆ, ಅದುರಿಗೆ ಕಡ್ಡಿ ತಿರುಗಿ, ಒಂದು ಕಡೆ ಒಳಸೇರುತ್ತ ಮತ್ತೊಂದು ಕಡೆ ಹೊರಬರುವುದು. ಕಡ್ಡಿಯನ್ನು ಬರಿಯ ತಿರುಪುಮೊಳೆಯಿಂದ ಅದುಮಿ ಹಿಡಿಯುವ ಕೊಂಡಿಯನ್ನು ಎಂಜಿನಿನ ವೇಗ ನಿಯಂತ್ರಣಕ್ಕೆ ಬಳಸಬಹುದು. ಬಾಲದ ಹಲಗೆಗೆ ಅದನ್ನು ನಂಬಬಾರದು.

ಹಾರಿಸುವ ಮೊದಲು ಹಿರಿಯರೊಬ್ಬರು, ರೇಡಿಯೋ ಚಾಲೂ ಇದ್ದು ಎಂಜಿನು ನಿಂತಿರುವಾಗ, ಒಂದೊಂದು ಹಲಗೆಯನ್ನೂ ಬೆರಳಿನಿಂದ ಮೆಲ್ಲಗೆ ಆಡಿಸಿ, ಒಂದೊಂದು ಕೊಂಡಿಯನ್ನೂ ಎಳೆದು ನೋಡಲಿ. ಇದಕ್ಕೆ ಎರಡು ನಿಮಿಷ ಸಾಕು. ಮುರಿದ ರೆಕ್ಕೆಯನ್ನು ಮತ್ತೆ ಕಟ್ಟಬಹುದು. ಆದರೆ ಮೈದಾನದಲ್ಲಿ ಪರರ ಮಕ್ಕಳೂ ನಿಂತಿರುವರೆಂಬುದನ್ನು ಮರೆಯಲಾಗದು.