ಅಂಚೆಯವನ ಚೀಲ

ನಾನು ಹುಡುಗನಾಗಿದ್ದಾಗ ನಮ್ಮ ಮನೆಯಲ್ಲೊಂದು ಕಟ್ಟಳೆಯಿತ್ತು. ಕಾಗದವು ಯಾರ ಹೆಸರಿಗೆ ಬಂದಿತೋ ಅವರೇ ಅದನ್ನು ಒಡೆಯಬೇಕು. ಯಜಮಾನರಾದ ನಮ್ಮ ತಾತನವರಿಗೂ ಇದರಲ್ಲಿ ವಿನಾಯಿತಿಯಿರಲಿಲ್ಲ. ಅಂಚೆಯವನಾದರೋ ಕಾಗದವನ್ನು ಕೊಟ್ಟು, ಒಂದು ಲೋಟ ಮಜ್ಜಿಗೆ ಕುಡಿದು ಹೊರಟುಹೋಗುತ್ತಿದ್ದನು. ಅದರ ನಕಲು ಅವನ ಚೀಲದಲ್ಲಿ ಉಳಿಯುತ್ತಿರಲಿಲ್ಲ.

ಇಂದಿನ ಅಂಚೆಯವನು ಹಾಗಲ್ಲ. ನಮ್ಮ ಇ-ಮೇಲುಗಳನ್ನು ಸಾಗಿಸುವ ಕಂಪೆನಿಗಳು ಬರೆದ ಮಾತನ್ನೂ, ಬರೆದ ಹೊತ್ತನ್ನೂ, ಬರೆದ ಯಂತ್ರದ ಗುರುತನ್ನೂ ತಮ್ಮ ಉಗ್ರಾಣದಲ್ಲಿ ಇರಿಸಿಕೊಳ್ಳುತ್ತವೆ. ಉಗ್ರಾಣವಿದ್ದಲ್ಲಿಗೆ ಸರ್ಕಾರವು ಒಂದು ದಿನ ಬಂದೇ ಬರುತ್ತದೆ.

ಚೀನಾದ ಷಿ ತಾವೋ ಎಂಬ ಪತ್ರಕರ್ತನ ಪಾಡನ್ನು ವಾಚಕರು ನೆನೆಯಬೇಕು. ಈತನು ಕವಿಯೂ ಹೌದು. 1989ರ ಟಿಯಾನನ್‌ಮೆನ್ ಹತ್ಯಾಕಾಂಡದ ಹದಿನೈದನೆಯ ವರ್ಷವು ಸಮೀಪಿಸಿದಾಗ, ಅದರ ವಿಷಯದಲ್ಲಿ ಪತ್ರಿಕೆಗಳು ಹೇಗೆ ನಡೆದುಕೊಳ್ಳಬೇಕೆಂದು ಮೇಲಿನಿಂದ ಅಪ್ಪಣೆ ಬಂದಿತು. ಅದರ ಸಾರವನ್ನು ಈತನು 2004ರ ಏಪ್ರಿಲ್‌ನಲ್ಲಿ, ಹೆಸರನ್ನು ಮರೆಸಿ, ತನ್ನ ಯಾಹೂ ಖಾತೆಯಿಂದ ಹೊರದೇಶಕ್ಕೆ ಕಳುಹಿಸಿದನು. ಯಾವ ಕಚೇರಿಯಿಂದ ಅದು ಹೊರಟಿತೆಂಬುದನ್ನು ಪತ್ತೆಹಚ್ಚುವ ವಿವರವನ್ನು ಯಾಹೂ ಒದಗಿಸಿತೆಂದು ತೀರ್ಪಿನಲ್ಲಿಯೇ ಬರೆದಿದೆ. 2005ರಲ್ಲಿ ಆತನಿಗೆ ಹತ್ತು ವರ್ಷಗಳ ಸೆರೆಯಾಯಿತು. ಆ ನಾಡಿನ ಕಾನೂನಿಗೆ ತಲೆಬಾಗಿದೆವೆಂಬುದು ಕಂಪೆನಿಯ ಸಮಾಧಾನ. 2007ರಲ್ಲಿ ಅಮೆರಿಕದ ಕಾಂಗ್ರೆಸ್ಸಿನ ಸಮಿತಿಯ ಮುಂದೆ ಕಂಪೆನಿಯ ಮುಖ್ಯಸ್ಥ ಜೆರ್ರಿ ಯಾಂಗ್ ಅವರು ಆತನ ತಾಯಿಯೆದುರು ತಲೆಬಾಗಿದರು. ಮಗನು ಸೆರೆಯಿಂದ ಹೊರಬಂದದ್ದು 2013ರಲ್ಲಿ.

ಸರ್ವಾಧಿಕಾರವಿರುವ ನಾಡಿನಲ್ಲಿ ಹೀಗಾಗುವುದು ಸಹಜವೆನ್ನಬಹುದು. ಆದರೆ ಅದೇ ಯಾಹೂ, ಪ್ರಜಾಪ್ರಭುತ್ವದ ಅಮೆರಿಕದಲ್ಲಿ ಸರ್ಕಾರವು ಬಳಕೆದಾರರ ಮಾಹಿತಿಯನ್ನು ಕೇಳಿದಾಗ, ಗುಪ್ತ ನ್ಯಾಯಾಲಯದಲ್ಲಿ ಅದನ್ನು ಎದುರಿಸಿತು. ಕೊಡದಿದ್ದರೆ ದಿನಕ್ಕೆ 2,50,000 ಡಾಲರ್ ದಂಡ ಹಾಕಿಸುವೆವೆಂದು ಸರ್ಕಾರವು ಬೆದರಿಸಿತು. 2008ರಲ್ಲಿ ಕಂಪೆನಿಯು ಸೋತು ಕೊಟ್ಟಿತು. ಆ ಬೆದರಿಕೆಯ ಕಡತಗಳು ಬೆಳಕು ಕಂಡದ್ದು 2014ರಲ್ಲಿ.

ಒಂದು ಕಡೆ ಅಂಜಿಕೆ, ಇನ್ನೊಂದು ಕಡೆ ಧೈರ್ಯ. ಫಲ ಮಾತ್ರ ಒಂದೇ. ಆದುದರಿಂದ ಕಂಪೆನಿಯ ಒಳ್ಳೆಯತನವನ್ನು ನಂಬಿ ಕೂಡುವುದು ಸಾಲದೆಂದು ನನಗೆ ತೋರುತ್ತದೆ. ಕೂಡಿಟ್ಟದ್ದನ್ನು ಕಿತ್ತುಕೊಳ್ಳಬಹುದು, ಇಲ್ಲದ್ದನ್ನು ಯಾವ ದೊರೆಯೂ ಕಿತ್ತುಕೊಳ್ಳಲಾರನು.

ಕೊಲೆಗಡುಕರನ್ನು ಹಿಡಿಯುವುದು ಬೇಡವೆ ಎಂದು ಕೇಳುವವರುಂಟು. ಖಂಡಿತ ಬೇಕು. ನ್ಯಾಯಾಧೀಶರ ಆಜ್ಞೆಯನ್ನು ಪಡೆದು, ಇಂಥವನ ಇಂಥ ಕಾಗದವೆಂದು ಹೆಸರಿಸಿ ಕೇಳಲಿ; ತನಿಖೆ ಮುಗಿದ ಮೇಲೆ ಆ ಸಂಗತಿಯನ್ನು ಆತನಿಗೂ ತಿಳಿಸಲಿ. ಆದರೆ ಒಬ್ಬ ಕಳ್ಳನಿಗಾಗಿ ಊರಿನವರೆಲ್ಲರ ಕಾಗದಗಳನ್ನು ಕಟ್ಟಿಡುವುದು ನ್ಯಾಯವಲ್ಲ. ಬರೆದವನೂ ಪಡೆದವನೂ ಹೊರತು ಮತ್ತಾರೂ ಓದಲಾಗದಂತೆ ಕಾಗದವನ್ನು ಗೂಢಲಿಪಿಯಲ್ಲಿ ಮುಚ್ಚುವ ವಿದ್ಯೆ ಇಂದು ಸಿದ್ಧವಾಗಿಯೇ ಇದೆ. ಅದನ್ನು ಬಳಸಬೇಕು, ಸೇವೆಗೆ ಬೇಡದ ವಿವರವನ್ನು ಕೂಡಿಡಲೇ ಬಾರದು.

ನಮ್ಮ ಮನೆಯ ಕಟ್ಟಳೆಯು ಬಹುಕಾಲ ನಡೆದುಬಂದದ್ದು ತಾತನವರ ಸಂಯಮದಿಂದ ಎಂದು ನಾನು ತಿಳಿದಿದ್ದೆನು. ಅಂಚೆಯವನ ಚೀಲವು ಬರಿದಾಗಿ ಹಿಂದಿರುಗುತ್ತಿದ್ದುದರ ಬೆಲೆಯು ಈಗ ತಿಳಿಯುತ್ತಿದೆ.